ಅರಸು ಬಾರದ ಔತಣ

ಬರುವ ತಿಥಿಯನ್ನು ಮೊದಲೇ ತಿಳಿಸದೆ ಬಾಗಿಲಿಗೆ ಬಂದು ನಿಲ್ಲುವವನೇ ಅತಿಥಿ ಎಂದು ಹಿಂದಿನವರು ಆ ಶಬ್ದಕ್ಕೆ ಅರ್ಥ ಹೇಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಒಂದು ಚೆಂಬು ನೀರು, ಒಂದು ತುತ್ತು ಅನ್ನ, ಒರಗಲು ಒಂದಿಷ್ಟು ಜಗಲಿ ದೊರೆಯಬೇಕೆಂಬುದು ಗೃಹಸ್ಥಧರ್ಮವಾಗಿತ್ತು. ಹಣ ತೆತ್ತು ಕೋಣೆ ಹಿಡಿಯುವವನನ್ನು ಅತಿಥಿಯೆಂದು ಕರೆಯಬಹುದೇ ಎಂದು ಕೇಳಿದರೆ ನಮ್ಮ ವೈಯಾಕರಣರು ಹುಬ್ಬುಗಂಟಿಕ್ಕಿಯಾರು. ಅವನು ಬರುವ ದಿನವನ್ನು ತಂತಿಯ ಮೂಲಕ ತಿಳಿಸಿರುತ್ತಾನೆ. ಹೊರಡುವ ದಿನ ಲೆಕ್ಕ ತೀರಿಸಿ ಹೋಗುತ್ತಾನೆ. ಅಲ್ಲಿ ಧರ್ಮಕ್ಕೆ ಎಡೆಯೆಲ್ಲಿ? ಅದು ಕೇವಲ ವ್ಯಾಪಾರ. ಆದರೂ ಆ ವ್ಯಾಪಾರದೊಳಗೇ ಆತಿಥ್ಯವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿ, ಕೊನೆಗೆ ಅದರ ಭಾರವನ್ನು ತಾನೇ ತಾಳಲಾರದೆ ಕುಸಿದುಹೋದ ಒಬ್ಬ ಮನುಷ್ಯನುಂಟು. ಅವನ ಹೆಸರು ಸೆಜಾರ್ ರಿಟ್ಜ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಿರಿವಂತರ ಹೋಟೆಲುವಾಸವೆಂದರೆ ಹೇಗಿರಬೇಕೆಂಬುದನ್ನು ಗೊತ್ತುಮಾಡಿದವನು ಅವನೇ. ಅವನ ಹೆಸರಿನಿಂದಲೇ ವೈಭವವನ್ನು ಸೂಚಿಸುವ ವಿಶೇಷಣವೊಂದು ಇಂಗ್ಲಿಷ್ ನಿಘಂಟನ್ನು ಸೇರಿತು. ಹೆಸರು ನಿಘಂಟಿನಲ್ಲಿ ಉಳಿಯಿತು. ಆ ಹೆಸರಿನ ಹಿಂದಿನ ಮನುಷ್ಯನನ್ನು ಲೋಕವು ಬಹುಮಟ್ಟಿಗೆ ಮರೆತಿದೆ.

ಸ್ವಿಟ್ಸರ್ಲೆಂಡಿನ ದಕ್ಷಿಣದಲ್ಲಿ ವಾಲೇ ಎಂಬ ಪ್ರಾಂತವಿದೆ. ರೋನ್ ನದಿಯ ಮೇಲಣ ಕಣಿವೆಯಲ್ಲಿ, ಆಲ್ಪ್ಸ್ ಪರ್ವತಗಳ ಮಗ್ಗುಲಲ್ಲಿ ನೀಡರ್‌ವಾಲ್ಡ್ ಎಂಬುದೊಂದು ಚಿಕ್ಕ ಹಳ್ಳಿ. ಮರದ ಮನೆಗಳು, ಒಂದು ಇಗರ್ಜಿ, ಇಳಿಜಾರಿನ ಹುಲ್ಲುಗಾವಲು, ಮೇಯುವ ದನಗಳು: ಅಂದಿನ ಆ ಊರಿನ ಐಶ್ವರ್ಯವೆಲ್ಲ ಇಷ್ಟೇ. 1850ನೆಯ ಇಸವಿ ಫೆಬ್ರುವರಿ 23ರಂದು ಅಲ್ಲಿಯ ರೈತನೊಬ್ಬನ ಹದಿಮೂರನೆಯ ಮಗುವಾಗಿ ಸೆಜಾರ್ ಹುಟ್ಟಿದನು. ಅಷ್ಟು ಮಕ್ಕಳ ಮನೆಯಲ್ಲಿ ಕೊನೆಯವನ ಪಾಲಿಗೆ ಹೊಲ ಉಳಿಯುವುದು ಸಾಧ್ಯವಿರಲಿಲ್ಲ. ನಾಲ್ಕಕ್ಷರ ಕಲಿಯಲೆಂದು ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಸಿಯೋನ್ ಪಟ್ಟಣದ ಪಾದ್ರಿಗಳ ಶಾಲೆಗೆ ಕಳುಹಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಬ್ರಿಗ್ ಊರಿನ ಒಂದು ಹೋಟೆಲಿನಲ್ಲಿ ದ್ರಾಕ್ಷಾರಸ ಬಡಿಸುವ ಕೆಲಸ ಕಲಿಯಲು ಬಿಟ್ಟರು. ಆ ಹೋಟೆಲಿನ ಯಜಮಾನನು ಸ್ವಲ್ಪ ಕಾಲ ಹುಡುಗನನ್ನು ನೋಡಿ, ಈ ಕಸುಬಿಗೆ ಬೇಕಾದ ಚುರುಕು ಇವನಲ್ಲಿಲ್ಲವೆಂದು ಹೇಳಿ ಕಳುಹಿಸಿಬಿಟ್ಟನು. ಹುಡುಗನು ಮತ್ತೆ ಪಾದ್ರಿಗಳ ಆಶ್ರಯಕ್ಕೆ ಹೋಗಿ ಇಗರ್ಜಿಯ ಪರಿಚಾರಕನಾದನು. ಮುಂದೆ ಹೋಟೆಲುಗಳ ಚರಿತ್ರೆಯನ್ನೇ ತಿದ್ದಬೇಕಾಗಿದ್ದವನ ಕಸುಬಿನ ಆರಂಭವು ಹೀಗೆ ತಿರಸ್ಕಾರದಿಂದಲೇ ಆಯಿತು.

1867ರಲ್ಲಿ ಪ್ಯಾರಿಸ್ ನಗರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನವು ನಡೆಯಿತು. ಲೋಕದ ಎಲ್ಲ ಮೂಲೆಗಳಿಂದಲೂ ಜನರು ಅಲ್ಲಿಗೆ ಹರಿದುಬಂದರು; ಅವರಿಗೆ ಊಟ ಬಡಿಸಲು, ಹಾಸಿಗೆ ಹಾಸಲು, ಪೆಟ್ಟಿಗೆ ಹೊರಲು ಆಳುಗಳು ಬೇಕಾದರು. ಹದಿನೇಳು ವರ್ಷದ ರಿಟ್ಜ್ ಆ ಪ್ರವಾಹದೊಡನೆ ಪ್ಯಾರಿಸ್ ಸೇರಿದನು. ಮೊದಮೊದಲು ಚಿಕ್ಕ ಹೋಟೆಲೊಂದರಲ್ಲಿ ಬೂಟುಗಳಿಗೆ ಮೆರುಗು ಕೊಡುವುದರಿಂದ ಹಿಡಿದು ಊಟ ಬಡಿಸುವವರೆಗೆ ಎಲ್ಲವನ್ನೂ ಮಾಡಿದನು. ಒಂದು ಮೆಟ್ಟಿಲು ಹತ್ತಿದೊಡನೆ ಆ ಕೆಲಸ ಬಿಟ್ಟು ಇನ್ನೂ ಮೇಲಿನ ಕಡೆಯಲ್ಲಿ ಕೆಳಗಿನ ಮೆಟ್ಟಿಲಿನಿಂದ ಆರಂಭಿಸುವುದು ಅವನ ಕ್ರಮವಾಗಿತ್ತು. ಹಾಗೆ ಮುಂದುವರಿದು ವ್ವಾಜೆಂ ಎಂಬ ಹೆಸರಾಂತ ಭೋಜನಶಾಲೆಯಲ್ಲಿ ಮಾಣಿಯ ಕೆಲಸ ಹಿಡಿದನು. 1870ರಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸನ್ನು ಮುತ್ತಿತು. ಊರಿನೊಳಗೆ ದವಸವಿಲ್ಲದೆ ಜನರು ಕುದುರೆ, ಬೆಕ್ಕು, ಇಲಿಗಳನ್ನು ತಿನ್ನುವ ಕಾಲ ಬಂದಿತು. ಮೃಗಾಲಯದ ಆನೆಗಳನ್ನು ಕೊಂದು ಅವುಗಳ ಮಾಂಸವನ್ನು ಮಾರಿದರು. ಅದು ವ್ವಾಜೆಂ ಭೋಜನಶಾಲೆಯ ಮೇಜಿಗೂ ಬಂದಿತು. ಹೊರಗೆ ಹಸಿವು ಕುಣಿಯುತ್ತಿದ್ದಾಗ ಒಳಗೆ ಬಿಳಿಯ ಹಾಸುಬಟ್ಟೆಯ ಮೇಲೆ ಬೆಳ್ಳಿಯ ತಟ್ಟೆಗಳು ಕ್ರಮ ತಪ್ಪದೆ ಬರುತ್ತಿದ್ದವು. ಏನು ಬಡಿಸಿದರೆಂಬುದಕ್ಕಿಂತ ಹೇಗೆ ಬಡಿಸಿದರೆಂಬುದು ಕೆಲವರಿಗೆ ಎಷ್ಟು ದೊಡ್ಡ ವಿಷಯವೆಂಬುದನ್ನು ತಿಳಿಯಲು ಇದಕ್ಕಿಂತ ಕ್ರೂರವಾದ ಪಾಠಶಾಲೆ ಬೇಕಿರಲಿಲ್ಲ.

ಆ ಕಾಲದಲ್ಲಿ ಯೂರೋಪಿನ ಧನಿಕರ ಬಾಳಿನ ಕ್ರಮವೇ ಬದಲಾಗುತ್ತಿತ್ತು. ರೈಲುಹಾದಿಗಳು ದೂರವನ್ನು ಕುಗ್ಗಿಸಿದ್ದವು. ಸ್ವಿಟ್ಸರ್ಲೆಂಡಿನ ರೀಗಿ ಬೆಟ್ಟದ ಮೇಲಕ್ಕೆ 1871ರಲ್ಲಿ ಹಲ್ಲಿನ ಗಾಲಿಯ ರೈಲು ಓಡತೊಡಗಿ ಎರಡು ವರ್ಷಗಳಲ್ಲಿ ಶಿಖರವನ್ನು ಮುಟ್ಟಿತು. 1882ರಲ್ಲಿ ಗೋಥಾರ್ಡ್ ಸುರಂಗವು ಆಲ್ಪ್ಸ್ ಪರ್ವತವನ್ನು ಕೊರೆದು ಇಟಲಿಗೆ ಹಾದಿ ತೆರೆಯಿತು. ಆವಿಯ ಹಡಗುಗಳು ಅಮೆರಿಕದ ಹೊಸ ಸಿರಿವಂತರನ್ನು ತಂದು ದಡಕ್ಕೆ ಇಳಿಸುತ್ತಿದ್ದವು. ಚಳಿಗಾಲವನ್ನು ಮೆಡಿಟರೇನಿಯನ್ ತೀರದಲ್ಲಿ, ಬೇಸಿಗೆಯನ್ನು ಬೆಟ್ಟದ ಸರೋವರಗಳ ದಂಡೆಯಲ್ಲಿ ಕಳೆಯುವುದು ಮೇಲ್ತರಗತಿಯ ರೂಢಿಯಾಯಿತು. ಅವರ ಹಿಂದೆಯೇ ಅಡಿಗೆಯವರು, ಮಾಣಿಗಳು, ವ್ಯವಸ್ಥಾಪಕರು ವಲಸೆಯ ಹಕ್ಕಿಗಳಂತೆ ಹೋಗಿಬರುತ್ತಿದ್ದರು. ರಿಟ್ಜನೂ ಅವರಲ್ಲಿ ಒಬ್ಬನಾದನು. 1873ರ ವಸ್ತುಪ್ರದರ್ಶನದ ವೇಳೆ ವಿಯೆನ್ನದಲ್ಲಿದ್ದನು. ಬಳಿಕ ನೀಸ್, ರೀಗಿ, ಲುಸರ್ನ್, ಮಾಂಟೆ ಕಾರ್ಲೊ ಎಂದು ಋತುವಿನೊಡನೆ ಊರು ಬದಲಿಸುತ್ತ ಹೋದನು.

ರೀಗಿ ಶಿಖರದ ಹೋಟೆಲಿನಲ್ಲಿ ಅವನು ಕೆಲಸದಲ್ಲಿದ್ದಾಗಿನ ಒಂದು ಪ್ರಸಂಗವನ್ನು ಅವನ ಕತೆ ಹೇಳುವವರೆಲ್ಲ ಹೇಳುತ್ತಾರೆ. ಕಡು ಚಳಿಯ ಒಂದು ದಿನ ನಲವತ್ತು ಮಂದಿ ಅಮೆರಿಕನ್ನರು ಊಟಕ್ಕೆ ಬರುವವರಿದ್ದರು. ಆ ಹೊತ್ತಿಗೇ ಕೋಣೆಗಳನ್ನು ಕಾಯಿಸುವ ಯಂತ್ರವು ಕೆಟ್ಟು ನಿಂತಿತು. ರಿಟ್ಜ್ ಊಟದ ಮೇಜನ್ನು ದೊಡ್ಡ ಹಜಾರದಿಂದ ಕೆಂಪು ಪರದೆಗಳಿದ್ದ ಚಿಕ್ಕ ಕೋಣೆಗೆ ಸಾಗಿಸಿದನು. ಗಿಡಗಳನ್ನಿಡುತ್ತಿದ್ದ ದೊಡ್ಡ ತಾಮ್ರದ ಪಾತ್ರೆಗಳಲ್ಲಿ ಮದ್ಯಸಾರ ಸುರಿದು ಬೆಂಕಿ ಹಚ್ಚಿಸಿದನು. ಇಟ್ಟಿಗೆಗಳನ್ನು ಒಲೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಒಬ್ಬೊಬ್ಬರ ಕಾಲ ಕೆಳಗೂ ಇರಿಸಿದನು. ಬಿಸಿಬಿಸಿ ಸಾರಿನಿಂದ ಊಟವನ್ನು ಆರಂಭಿಸಿ, ಉರಿಯುವ ಸಿಹಿದೋಸೆಯಿಂದ ಮುಗಿಸಿದನು. ಬಂದವರು ಚಳಿಯನ್ನು ಮರೆತು ಉಂಡೆದ್ದರು. ಯಂತ್ರ ಕೆಟ್ಟಿದ್ದನ್ನು ಅವನು ಸರಿಪಡಿಸಲಿಲ್ಲ. ಬಂದವರಿಗೆ ಚಳಿ ತಾಗದಂತೆ ನೋಡಿಕೊಂಡನು. ಆತಿಥೇಯನ ಕೆಲಸವು ಯಾವುದೆಂಬುದು ಅವನಿಗೆ ಆಗಲೇ ಗೊತ್ತಾಗಿತ್ತು.

ಈ ಸುದ್ದಿಯು ಬೆಟ್ಟದ ಕೆಳಗಿನ ಲುಸರ್ನ್ ಪಟ್ಟಣಕ್ಕೆ ಇಳಿಯಿತು. ಅಲ್ಲಿಯ ಗ್ರ್ಯಾಂಡ್ ಹೋಟೆಲ್ ನ್ಯಾಷನಲ್ಲಿನ ಒಡೆಯ ಕರ್ನಲ್ ಫೈಫರ್ 1877ರ ಸುಮಾರಿಗೆ ರಿಟ್ಜನನ್ನು ಕರೆಸಿ, ಸೊರಗಿದ್ದ ತನ್ನ ಹೋಟೆಲನ್ನು ಅವನ ಕೈಗೆ ಒಪ್ಪಿಸಿದನು. ಮುಂದಿನ ಹತ್ತು ವರ್ಷಗಳ ಬೇಸಿಗೆಗಳನ್ನು ರಿಟ್ಜ್ ಅಲ್ಲಿಯೇ ಕಳೆದು ಆ ಹೋಟೆಲನ್ನು ಯೂರೋಪಿನ ರಾಜಮನೆತನಗಳ ಬೀಡಾಗಿ ಮಾಡಿದನು. ಚಳಿಗಾಲಕ್ಕೆ ಮಾಂಟೆ ಕಾರ್ಲೊ. 1884ರಲ್ಲಿ ಅಲ್ಲಿಯ ಗ್ರ್ಯಾಂಡ್ ಹೋಟೆಲಿಗೆ ಒಬ್ಬ ಬಾಣಸಿಗನು ಬೇಕಾದಾಗ ಅವನು ಒಗುಸ್ತ್ ಎಸ್ಕೋಫಿಯೆ ಎಂಬವನನ್ನು ಕರೆತಂದನು. ಫ್ರೆಂಚ್ ಪಾಕಶಾಸ್ತ್ರಕ್ಕೆ ಹೊಸ ಕ್ರಮವನ್ನು ಹಾಕಿಕೊಟ್ಟವನು ಈ ಎಸ್ಕೋಫಿಯೆ. ಒಬ್ಬನು ಊಟದ ಹಜಾರದಲ್ಲಿ, ಇನ್ನೊಬ್ಬನು ಅದರ ಹಿಂದಿನ ಅಡಿಗೆಮನೆಯಲ್ಲಿ. ಒಬ್ಬನ ಕೀರ್ತಿಗೆ ಇನ್ನೊಬ್ಬನು ಆಧಾರ. 1888ರಲ್ಲಿ ರಿಟ್ಜ್ ಹೋಟೆಲು ನಡೆಸುವ ಮನೆತನದ ಮಾರಿ ಲೂಯೀಸ್ ಬೆಕ್ ಎಂಬ ತರುಣಿಯನ್ನು ಮದುವೆಯಾದನು. ಮುಂದೆ 1938ರಲ್ಲಿ ಗಂಡನ ಜೀವನಚರಿತ್ರೆಯನ್ನು ಬರೆದವಳು ಈಕೆಯೇ. ಅವನ ಬಾಳಿನ ಒಳಗಿನ ಸಂಗತಿಗಳು ನಮಗೆ ತಿಳಿದುಬಂದಿರುವುದು ಬಹುಮಟ್ಟಿಗೆ ಆ ಪುಸ್ತಕದಿಂದ.

ಆ ಸಂಗತಿಗಳಲ್ಲಿ ಒಂದು ಮನಸ್ಸಿನಲ್ಲಿ ನಿಲ್ಲುತ್ತದೆ. ರಿಟ್ಜನ ಕೈಕಾಲುಗಳು ರೈತನ ಕೈಕಾಲುಗಳಂತೆ ದೊಡ್ಡವಾಗಿದ್ದವು. ರಾಜಕುಮಾರರ ಎದುರು ಓಡಾಡಬೇಕಾದ ಅವನಿಗೆ ಅದೊಂದು ನಾಚಿಕೆ. ಪಾದಗಳು ಚಿಕ್ಕವಾಗಿ ಕಾಣಲೆಂದು ತನ್ನ ಅಳತೆಗಿಂತ ಅರ್ಧ ಅಂಕ ಚಿಕ್ಕದಾದ ಬೂಟುಗಳನ್ನೇ ಅವನು ತೊಡುತ್ತಿದ್ದನು. ದಿನಕ್ಕೆ ಹಲವು ಬಾರಿ ಉಡುಪು ಬದಲಿಸುತ್ತಿದ್ದನು. ಇತರರ ಪಾದಗಳಿಗೆ ಮೆತ್ತನೆಯ ರತ್ನಗಂಬಳಿಗಳನ್ನು ಹಾಸಿದವನು ತನ್ನ ಪಾದಗಳ ನೋವನ್ನು ಬೂಟಿನೊಳಗೆ ಮರೆಸಿಕೊಂಡು, ಮುಖದಲ್ಲಿ ನಗೆ ತಂದುಕೊಂಡು, ದಿನವೆಲ್ಲ ನಿಂತೇ ಇರುತ್ತಿದ್ದನು.

ಲಂಡನ್ನಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಎಂಬಿಬ್ಬರ ಗೀತನಾಟಕಗಳನ್ನು ರಂಗಕ್ಕೆ ತಂದು ಹಣ ಗಳಿಸಿದ್ದ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ನಾಟಕ ಸಂಸ್ಥೆಯ ಒಡೆಯನು ಥೇಮ್ಸ್ ನದಿಯ ದಂಡೆಯಲ್ಲಿ ಸವಾಯ್ ಎಂಬ ಹೋಟೆಲನ್ನು ಕಟ್ಟಿಸಿ 1889ರ ಆಗಸ್ಟ್ 6ರಂದು ತೆರೆದನು. ಕಟ್ಟಡವೆಲ್ಲ ವಿದ್ಯುದ್ದೀಪ, ಮೇಲೆ ಕೆಳಗೆ ಒಯ್ಯುವ ಲಿಫ್ಟುಗಳು, ಅಂದಿನ ಲಂಡನ್ ಕಂಡಿರದಷ್ಟು ಸ್ನಾನದ ಮನೆಗಳು. ಸಲಕರಣೆಗಳೆಲ್ಲ ಇದ್ದರೂ ಜನರು ಬಂದು ನಿಲ್ಲುವಂತೆ ಮಾಡುವ ವಿದ್ಯೆಯಿರಲಿಲ್ಲ. ಕಾರ್ಟ್ ಅದೇ ವರ್ಷ ರಿಟ್ಜನನ್ನು ಕರೆಸಿದನು. ರಿಟ್ಜ್ ಎಸ್ಕೋಫಿಯೆಯನ್ನು ಕರೆದುಕೊಂಡು ಬಂದನು.

ಮುಂದಿನ ಒಂಬತ್ತು ವರ್ಷಗಳಲ್ಲಿ ಅವರಿಬ್ಬರೂ ಮಾಡಿದ್ದು ಒಂದು ಸಾಮಾಜಿಕ ಬದಲಾವಣೆಯೇ ಸರಿ. ಅದುವರೆಗೆ ಮಾನವಂತ ಮನೆತನದ ಹೆಂಗಸರು ಹೋಟೆಲಿನಲ್ಲಿ ಹತ್ತು ಜನರ ನಡುವೆ ಕುಳಿತು ಊಟ ಮಾಡುವುದು ಲಂಡನ್ನಿನಲ್ಲಿ ರೂಢಿಯಲ್ಲಿರಲಿಲ್ಲ. ಗಂಡಸರು ತಮ್ಮ ತಮ್ಮ ಕ್ಲಬ್ಬುಗಳಲ್ಲಿ ಉಣ್ಣುತ್ತಿದ್ದರು. ಹೆಂಗಸರಿಗೆ ಮನೆಯೇ ಗತಿ. ಹೆಂಗಸರು ಬಂದರೆ ಮಾತ್ರ ಊಟದ ಹಜಾರಕ್ಕೆ ಕಳೆ ಎಂಬುದನ್ನು ರಿಟ್ಜ್ ಅರಿತನು. ರಾತ್ರಿಯ ಊಟಕ್ಕೆ ಬರುವವರು ವಿಧಿವತ್ತಾದ ಉಡುಪಿನಲ್ಲಿಯೇ ಬರಬೇಕೆಂದು ಕಟ್ಟು ಮಾಡಿದನು. ಜೊತೆಯಿಲ್ಲದೆ ಬರುವ ಹೆಂಗಸರಿಗೆ ಪ್ರವೇಶವಿಲ್ಲವೆಂದು ಗೊತ್ತುಮಾಡಿದನು. ಇಂದಿನ ದೃಷ್ಟಿಗೆ ಇದು ಅನ್ಯಾಯವಾಗಿ ಕಂಡರೂ ಅಂದಿನ ಕುಲೀನ ಮನೆಗಳ ಅಂಜಿಕೆಯನ್ನು ಹೋಗಲಾಡಿಸಿದ್ದು ಈ ಕಟ್ಟುಗಳೇ. ಗಾಯಕಿ ನೆಲ್ಲಿ ಮೆಲ್ಬಾಳ ಹೆಸರಿನಲ್ಲಿ ಎಸ್ಕೋಫಿಯೆ ಪೀಚ್ ಹಣ್ಣಿನ ಸಿಹಿಯನ್ನು ರೂಪಿಸಿದ್ದು ಇಲ್ಲಿಯೇ. ವಿಕ್ಟೋರಿಯ ರಾಣಿಯ ಮಗ, ಮುಂದೆ ಏಳನೆಯ ಎಡ್ವರ್ಡನಾಗಿ ಪಟ್ಟವೇರಿದ ಯುವರಾಜನು, ರಿಟ್ಜನಿದ್ದ ಕಡೆಗೆ ತಾನೂ ಬರುವವನಾದನು. ಅವನು ಬಂದಲ್ಲಿಗೆ ಉಳಿದವರೆಲ್ಲ ಬಂದರು.

ಆದರೆ ಈ ಉಜ್ಜ್ವಲವಾದ ಅಧ್ಯಾಯವು ಕಪ್ಪು ಚುಕ್ಕೆಯೊಂದಿಗೆ ಮುಗಿಯಿತು. 1898ರ ಮಾರ್ಚ್ ತಿಂಗಳಿನಲ್ಲಿ ಸವಾಯ್ ಹೋಟೆಲಿನ ನಿರ್ದೇಶಕ ಮಂಡಲಿಯು ರಿಟ್ಜನನ್ನೂ ಎಸ್ಕೋಫಿಯೆಯನ್ನೂ ಕೆಲಸದಿಂದ ತೆಗೆದುಹಾಕಿತು. 3,400 ಪೌಂಡುಗಳಿಗೂ ಮಿಕ್ಕ ಬೆಲೆಯ ಮದ್ಯದ ಲೆಕ್ಕ ಸಿಗದಿದ್ದುದು ಆರೋಪಗಳಲ್ಲಿ ಒಂದು. ಹೋಟೆಲಿನ ಖರ್ಚಿನಲ್ಲಿ ರಿಟ್ಜ್ ತನ್ನ ಮುಂದಿನ ಉದ್ಯಮಗಳ ಪಾಲುದಾರರನ್ನು ಸತ್ಕರಿಸಿದನೆಂಬುದು ಇನ್ನೊಂದು. ಅಡಿಗೆಮನೆಗೆ ಸಾಮಾನು ಒದಗಿಸುವವರಿಂದ ಎಸ್ಕೋಫಿಯೆ ಹಣ ಪಡೆದನೆಂಬುದು ಮತ್ತೊಂದು. 1900ರಲ್ಲಿ ಅವರು ತಪ್ಪೊಪ್ಪಿಗೆಗೆ ರುಜು ಹಾಕಿ ವ್ಯವಹಾರವನ್ನು ಒಳಗೊಳಗೇ ತೀರಿಸಿಕೊಂಡರು. ಆ ಕಾಗದಗಳು ಹೊರಬಂದದ್ದು 1985ರಲ್ಲಿ. ಅಲ್ಲಿಯವರೆಗೆ ಓದುಗರ ಕೈಯಲ್ಲಿದ್ದುದು ಹೆಂಡತಿ ಬರೆದ ಕತೆ. ಅದರಲ್ಲಿ ರಿಟ್ಜ್ ಅಸೂಯೆಗೆ ಬಲಿಯಾದ ನಿರಪರಾಧಿ. ಸತ್ಯವು ಅಷ್ಟು ಸರಳವಾಗಿರಲಿಲ್ಲ. ಪರರ ಉಗ್ರಾಣದಿಂದ ತನ್ನವರನ್ನು ಸತ್ಕರಿಸುವುದು ಅತಿಥಿಸೇವೆಯಲ್ಲ. ಒಡೆಯನಾಗದೆಯೇ ಒಡೆಯನಂತೆ ಬಾಳುವ ಅಭ್ಯಾಸವು ಅವನನ್ನು ಈ ಎಡವಟ್ಟಿಗೆ ನೂಕಿತೆಂದು ತೋರುತ್ತದೆ. ದಿನವೂ ಸಾವಿರಾರು ಪೌಂಡುಗಳ ವೈಭವವನ್ನು ಕೈಯಿಂದ ದಾಟಿಸುವವನಿಗೆ ಯಾವುದು ತನ್ನದು, ಯಾವುದು ಪರರದು ಎಂಬ ಗೆರೆ ಮಸುಕಾಗುವುದು ಹೊಸತೇನಲ್ಲ. ಜೀವನಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡಬಾರದು. ಇದೊಂದರಿಂದಲೇ ಅವನ ಬಾಳನ್ನು ಅಳೆಯಲೂಬಾರದು.

ಕೆಲಸ ಹೋದ ಮೂರು ತಿಂಗಳೊಳಗೆ, 1898ರ ಜೂನ್ 1ರಂದು, ಪ್ಯಾರಿಸಿನ ವಾಂದೋಮ್ ಚೌಕದ 15ನೆಯ ಸಂಖ್ಯೆಯ ಮನೆಯಲ್ಲಿ ರಿಟ್ಜ್ ತನ್ನದೇ ಹೆಸರಿನ ಹೋಟೆಲನ್ನು ತೆರೆದನು. ಅದರ ಸಿದ್ಧತೆಯು ಸವಾಯ್ ಹೋಟೆಲಿನ ದಿನಗಳಲ್ಲಿಯೇ ಆರಂಭವಾಗಿತ್ತು. ಮದ್ಯ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಮಾರ್ನಿಯೆ ಲಪೊಸ್ತೊಲ್ ಮೊದಲಾದವರು ಹಣ ಹೂಡಿದರು. ಚೌಕದ ಸುತ್ತಣ ಕಟ್ಟಡಗಳ ಹೊರಮುಖವು ಹದಿನಾಲ್ಕನೆಯ ಲೂಯಿ ದೊರೆಯ ವಾಸ್ತುಶಿಲ್ಪಿ ಮಾಂಸಾರ್ ರೂಪಿಸಿದ್ದು, ಅದನ್ನು ಮುಟ್ಟುವಂತಿರಲಿಲ್ಲ. ಒಳಗನ್ನು ಶಾರ್ಲ್ ಮ್ಯೂವೆಸ್ ಎಂಬ ಶಿಲ್ಪಿ ಹೊಸದಾಗಿ ಕಟ್ಟಿದನು. ರಿಟ್ಜ್ ಅವನಿಗೆ ಕೇಳಿದ್ದು ಅರಮನೆಯನ್ನಲ್ಲ. ಶುಚಿಯಾದ, ಸೊಗಸಾದ, ಅಚ್ಚುಕಟ್ಟಾದ ಒಂದು ಮನೆಯನ್ನು.

ಆ ಮನೆಯಲ್ಲಿ ಇಳಿದುಕೊಳ್ಳುವುದೆಂದರೆ ಏನೆಂಬುದನ್ನು ಅರಿಯಬೇಕಾದರೆ ಅದಕ್ಕೂ ಹಿಂದಿನ ಹೋಟೆಲುಗಳನ್ನು ನೆನೆಯಬೇಕು. ಅಲ್ಲಿ ಗೊತ್ತಾದ ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು; ಅಪರಿಚಿತರೆಲ್ಲ ಒಂದೇ ಉದ್ದನೆಯ ಮೇಜಿನ ಸುತ್ತ ಕುಳಿತು, ಮಾಡಿದ್ದನ್ನು ಉಣ್ಣುತ್ತಿದ್ದರು. ಕೋಣೆಗಳಲ್ಲಿ ಧೂಳು ತುಂಬಿದ ಮಖಮಲ್ಲಿನ ಪರದೆಗಳು, ಬಣ್ಣದ ಗೋಡೆಕಾಗದ, ಹೊಗೆ ಕಾರುವ ಗ್ಯಾಸಿನ ದೀಪ. ಸ್ನಾನ ಬೇಕೆಂದರೆ ಆಳುಗಳು ತೊಟ್ಟಿಯನ್ನೂ ಬಿಸಿನೀರನ್ನೂ ಹೊತ್ತು ತರಬೇಕು. ಕ್ಷಯರೋಗದ ಭೀತಿಯು ಮನೆಮನೆಯನ್ನೂ ಹೊಕ್ಕಿದ್ದ ಕಾಲವದು. ರಿಟ್ಜ್ ಆ ಭಾರವಾದ ಪರದೆಗಳನ್ನು ಕಿತ್ತು ಒಗೆಯಬಹುದಾದ ತೆಳುಬಟ್ಟೆಗಳನ್ನು ತೂಗುಹಾಕಿಸಿದನು. ಗೋಡೆಕಾಗದದ ಬದಲು ತೊಳೆಯಬಹುದಾದ ಬಣ್ಣ ಬಳಿಸಿದನು. ಮರದ ಮಂಚಗಳನ್ನು ಬಿಟ್ಟು ಹಿತ್ತಾಳೆಯ ಮಂಚಗಳನ್ನು ಹಾಕಿಸಿದನು. ಕೋಣೆಯೊಡನೆಯೇ ಸ್ನಾನದ ಮನೆ, ಕೋಣೆಯೊಳಗೇ ವಿದ್ಯುದ್ದೀಪ ಮತ್ತು ಟೆಲಿಫೋನು. ಇಂದು ಸಾಧಾರಣ ವಸತಿಗೃಹದಲ್ಲಿಯೂ ನಾವು ಇವನ್ನು ಹಕ್ಕಿನಂತೆ ಕೇಳುತ್ತೇವೆ. ಅಂದು ಯೂರೋಪಿನಲ್ಲಿ ಇವು ಒಂದೆಡೆ ಕಾಣಸಿಗುವುದೇ ಅಪೂರ್ವವಾಗಿತ್ತು.

ಸಣ್ಣ ಸಂಗತಿಗಳಲ್ಲಿ ಅವನ ಗಮನವು ಇನ್ನೂ ಸೂಕ್ಷ್ಮ. ವಿದ್ಯುದ್ದೀಪದ ಬಿಳಿಯ ಬೆಳಕು ಹೆಂಗಸರ ಮುಖಕ್ಕೆ ಒಗ್ಗದೆಂದು ಕಂಡು, ಯಾವ ಬಣ್ಣದ ಮರೆಯಿಂದ ಹಾಯ್ದ ಬೆಳಕು ಮೈಬಣ್ಣಕ್ಕೆ ಹೊಂದುತ್ತದೆಂಬುದನ್ನು ಹೆಂಡತಿಯನ್ನು ಗಂಟೆಗಟ್ಟಲೆ ದೀಪದ ಕೆಳಗೆ ಕೂರಿಸಿ ಪರೀಕ್ಷಿಸಿದನು. ಏಪ್ರಿಕಾಟ್ ಹಣ್ಣಿನ ನಸುಗೆಂಪನ್ನು ಕೊನೆಗೆ ಒಪ್ಪಿದನು. ಕೆಲಸವಿಲ್ಲದವರು ಬಂದು ಕುಳಿತು ಹರಟೆ ಹೊಡೆಯಬಾರದೆಂದು ಮುಂಬಾಗಿಲ ಹಜಾರವನ್ನು ಬೇಕೆಂದೇ ಕಿರಿದಾಗಿಸಿದನು. ತೆರೆಯುವ ದಿನವೇ ಊಟದ ಮೇಜುಗಳು ಎರಡು ಸೆಂಟಿಮೀಟರಿನಷ್ಟು ಎತ್ತರವಾಗಿವೆಯೆಂದು ಅವನಿಗೆ ಅನ್ನಿಸಿತಂತೆ. ಅತಿಥಿಗಳು ಬರುವ ಮೊದಲು ಎಲ್ಲ ಮೇಜುಗಳ ಕಾಲುಗಳನ್ನೂ ಕೊಯ್ಯಿಸಿದನೆಂದು ಅವನ ಹೆಂಡತಿ ಬರೆದಿದ್ದಾಳೆ. ಯಾರಿಗೆ ಗಟ್ಟಿ ದಿಂಬು ಬೇಕು, ಯಾರಿಗೆ ಯಾವ ಹೂವು ಸೇರದು, ಯಾರು ಬೆಳಗ್ಗೆ ಏನನ್ನು ಕುಡಿಯುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಅವರು ಮತ್ತೆ ಬಂದಾಗ ಕೇಳುವ ಮೊದಲೇ ಒದಗಿಸುತ್ತಿದ್ದನು. ಬಂದವರಿಗೆ ತಮ್ಮನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆಂಬ ಸಂತೋಷ. ರಾಜಮಹಾರಾಜರಾದರೂ ಮನುಷ್ಯರೇ ತಾನೇ? ಆ ಸಂತೋಷಕ್ಕಾಗಿಯೇ ಅವರು ಮತ್ತೆ ಮತ್ತೆ ಬಂದರು.

ಆದರೆ ಈ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಆಳುಗಳ ಹಾದಿ ಹಿತ್ತಲಿನಿಂದ. ನೀಡರ್‌ವಾಲ್ಡಿನ ರೈತನೊಬ್ಬನು ಮುಂಬಾಗಿಲಿಗೆ ಬಂದು ನಿಂತಿದ್ದರೆ ದ್ವಾರಪಾಲಕನು ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಆ ಮನೆಯ ಯಜಮಾನನ ತಂದೆಯೇ ಅಂಥ ರೈತನಾಗಿದ್ದನು. ಬಿಗಿಯಾದ ಬೂಟುಗಳೊಳಗೆ ಅಡಗಿಸಿದ್ದ ಆ ದೊಡ್ಡ ಪಾದಗಳು ಇದನ್ನು ದಿನವೂ ಅವನಿಗೆ ನೆನಪಿಸುತ್ತಿದ್ದಿರಬೇಕು.

ಮರುವರ್ಷ, 1899ರ ಜುಲೈ ತಿಂಗಳಿನಲ್ಲಿ, ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ ಕಾರ್ಲ್‌ಟನ್ ಹೋಟೆಲು ರಿಟ್ಜನ ಆಡಳಿತದಲ್ಲಿ ತೆರೆಯಿತು. ಅಡಿಗೆಮನೆ ಎಂದಿನಂತೆ ಎಸ್ಕೋಫಿಯೆಯದು. ಸವಾಯ್ ಹೋಟೆಲಿನ ಗಿರಾಕಿಗಳಲ್ಲಿ ಅನೇಕರು ಅವರ ಹಿಂದೆಯೇ ಇಲ್ಲಿಗೆ ಬಂದರು. ರಿಟ್ಜ್ ಪ್ಯಾರಿಸ್, ಲಂಡನ್, ರೋಮ್, ಫ್ರಾಂಕ್‌ಫರ್ಟ್ ಎಂದು ರೈಲಿನಲ್ಲಿಯೇ ದಿನಗಳನ್ನು ಕಳೆಯತೊಡಗಿದನು. ಇಬ್ಬರು ಮಕ್ಕಳ ತಂದೆಯಾಗಿದ್ದರೂ ತನ್ನ ಮನೆಯಲ್ಲಿ ಮಲಗಿದ ರಾತ್ರಿಗಳಿಗಿಂತ ಹೋಟೆಲುಗಳಲ್ಲಿ ಎಚ್ಚರವಾಗಿ ಕಳೆದ ರಾತ್ರಿಗಳೇ ಹೆಚ್ಚು.

1901ರ ಜನವರಿಯಲ್ಲಿ ವಿಕ್ಟೋರಿಯ ರಾಣಿ ತೀರಿಕೊಂಡಳು, ಯುವರಾಜನು ದೊರೆಯಾದನು. ಪಟ್ಟಾಭಿಷೇಕಕ್ಕೆ 1902ರ ಜೂನ್ 26ನ್ನು ಗೊತ್ತುಮಾಡಿದರು. ಅರುವತ್ತಮೂರು ವರ್ಷಗಳ ಕಾಲ ಒಬ್ಬಳೇ ರಾಣಿಯನ್ನು ಕಂಡಿದ್ದ ಲಂಡನ್ನಿಗೆ ಅದು ತಲೆಮಾರಿಗೊಮ್ಮೆಯೂ ಒದಗದ ಹಬ್ಬ. ದೇಶದೇಶಗಳ ರಾಜವಂಶೀಯರು, ರಾಯಭಾರಿಗಳು, ಕುಬೇರರು ಬಂದಿಳಿದರು. ಕಾರ್ಲ್‌ಟನ್ ಹೋಟೆಲಿನ ಕೋಣೆಗಳು ತುಂಬಿದ್ದವು. ಪಟ್ಟಾಭಿಷೇಕದ ಔತಣಕ್ಕೆ ಮೇಜುಗಳೆಲ್ಲ ಮೊದಲೇ ಗೊತ್ತಾಗಿದ್ದವು. ಹೂವು, ದೀಪ, ಸಂಗೀತ, ಭಕ್ಷ್ಯಗಳು, ಯಾರ ಪಕ್ಕದಲ್ಲಿ ಯಾರು ಕುಳಿತರೆ ಮನಸ್ತಾಪವಾಗದೆಂಬ ವಿಚಾರ: ಎಲ್ಲವನ್ನೂ ರಿಟ್ಜ್ ತಾನೇ ನೋಡಿದನು. ವಾರಗಟ್ಟಲೆ ಸರಿಯಾಗಿ ನಿದ್ರಿಸಲಿಲ್ಲ. ತನ್ನನ್ನು ಮೇಲೆತ್ತಿದ ಯುವರಾಜನು ದೊರೆಯಾಗುವ ದಿನವು ತನ್ನ ಬಾಳಿನ ಶಿಖರದ ದಿನವೂ ಆಗಬೇಕೆಂಬುದು ಅವನ ಆಸೆ.

ಜೂನ್ 24ರಂದು, ಹಬ್ಬಕ್ಕೆ ಎರಡೇ ದಿನಗಳಿರುವಾಗ, ಅರಮನೆಯಿಂದ ಸುದ್ದಿ ಬಂದಿತು. ದೊರೆಯ ಹೊಟ್ಟೆಯೊಳಗೆ ಕೀವು ಕಟ್ಟಿ ಪ್ರಾಣಕ್ಕೆ ಅಪಾಯವೊದಗಿದೆ. ಅದೇ ದಿನ ಶಸ್ತ್ರಚಿಕಿತ್ಸೆ. ಪಟ್ಟಾಭಿಷೇಕವನ್ನು ಮುಂದಕ್ಕೆ ಹಾಕಲಾಗಿದೆ. ಅಂದಿನ ದಿನಗಳಲ್ಲಿ ಅಂಥ ಶಸ್ತ್ರಚಿಕಿತ್ಸೆಯಾದವನು ಬದುಕುತ್ತಾನೆಂಬ ಭರವಸೆ ವೈದ್ಯರಿಗೂ ಇರಲಿಲ್ಲ. ಕಾರ್ಲ್‌ಟನ್ನಿನ ಊಟದ ಹಜಾರವು ಜನರಿಂದ ತುಂಬಿದ್ದಾಗ ರಿಟ್ಜ್ ತಾನೇ ನಿಂತು ಈ ಸುದ್ದಿಯನ್ನು ತಿಳಿಸಿದನೆಂದು ಹೇಳುತ್ತಾರೆ. ಆ ಬಳಿಕ ಒಂದರ ಮೇಲೊಂದರಂತೆ ಕೋಣೆಗಳನ್ನು ಬಿಡುವವರ ಮಾತು, ಮೇಜುಗಳನ್ನು ಬೇಡವೆನ್ನುವವರ ತಂತಿ. ಅವನು ಮುಖದಲ್ಲಿ ಕಳವಳವನ್ನು ತೋರದೆ ಒಬ್ಬೊಬ್ಬರಿಗೂ ಉತ್ತರ ಕೊಟ್ಟು, ಮಾಡಿದ್ದ ಏರ್ಪಾಡುಗಳನ್ನು ಒಂದೊಂದಾಗಿ ಕಳಚಿದನು. ಆ ಕೆಲಸ ಮುಗಿಯುತ್ತ ಬಂದಾಗ ಕುಸಿದು ಬಿದ್ದನು. ಆಗ ಅವನಿಗೆ ಐವತ್ತೆರಡು ವರ್ಷ.

ದೊರೆ ಬದುಕಿದನು. ಆಗಸ್ಟ್ 9ರಂದು ಪಟ್ಟಾಭಿಷೇಕವೂ ನಡೆಯಿತು. ಚೇತರಿಸಿಕೊಳ್ಳದೆ ಉಳಿದವನು ರಿಟ್ಜ್. ಕೆಲವೊಮ್ಮೆ ಉತ್ಸಾಹ ಮರಳಿದಂತೆ ತೋರುತ್ತಿತ್ತು. ಮತ್ತೆ ಗಾಢವಾದ ಖಿನ್ನತೆ ಕವಿಯುತ್ತಿತ್ತು. ಆ ಮಧ್ಯೆಯೇ ಅವನ ಹೆಸರು ಅವನನ್ನು ಬಿಟ್ಟು ತನ್ನ ದಾರಿ ಹಿಡಿದು ನಡೆಯಿತು. 1905ರಲ್ಲಿ ಅಮೆರಿಕ ಎಂಬ ಹೆಸರಿನ ಜರ್ಮನ್ ಹಡಗಿನಲ್ಲಿ ರಿಟ್ಜ್ ಕಾರ್ಲ್‌ಟನ್ ಹೆಸರಿನ ಭೋಜನಶಾಲೆಯು ಸಮುದ್ರದ ಮೇಲೆ ತೇಲಿತು. 1906ರ ಮೇ 24ರಂದು ಲಂಡನ್ನಿನ ಪಿಕಡಿಲಿಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ರಿಟ್ಜ್ ಹೋಟೆಲು ತೆರೆಯಿತು. 1910ರಲ್ಲಿ ಮಡ್ರಿಡ್ ನಗರದಲ್ಲಿ ಇನ್ನೊಂದು. ಲೋಕದ ಸಿರಿವಂತರು ಈ ಹೆಸರನ್ನು ನೋಡಿ ನಂಬಿಕೆಯಿಂದ ಒಳಗೆ ಕಾಲಿಡುತ್ತಿದ್ದರು; ಆ ಹೆಸರಿನವನು ಕ್ರಮೇಣ ಎಲ್ಲ ಹೊಣೆಗಳಿಂದಲೂ ಸರಿದು ಆರೋಗ್ಯಧಾಮಗಳನ್ನು ಸೇರಿದನು. ಪ್ಯಾರಿಸಿನ ಹೋಟೆಲಿನ ಹೊಣೆಯನ್ನು ಮಾರಿ ಹೊತ್ತುಕೊಂಡಳು. ಸಾವಿರ ಜನರ ಇಷ್ಟಾನಿಷ್ಟಗಳನ್ನು ನೆನಪಿಟ್ಟುಕೊಂಡಿದ್ದವನ ಮನಸ್ಸು ಮಂಕಾಯಿತು. ಈಗ ಅವನೇ ಬೇರೆಯವರ ಆರೈಕೆಯಲ್ಲಿ ಉಳಿಯಬೇಕಾದವನಾದನು. ಆದರೆ ಅದು ಹೋಟೆಲಾಗಿರಲಿಲ್ಲ.

ಮೊದಲ ಮಹಾಯುದ್ಧವು ಕೊನೆಗೊಳ್ಳಲು ಮೂರು ವಾರಗಳಷ್ಟೇ ಉಳಿದಿದ್ದಾಗ, 1918ರ ಅಕ್ಟೋಬರ್ 24ರಂದು, ಲುಸರ್ನ್ ಬಳಿಯ ಕ್ಯೂಸ್ನಾಖ್ಟ್ ಊರಿನಲ್ಲಿ ಸೆಜಾರ್ ರಿಟ್ಜ್ ತೀರಿಕೊಂಡನು. ಅವನು ಮೊದಲು ಹೆಸರು ಗಳಿಸಿದ ರೀಗಿ ಬೆಟ್ಟವು ಆ ಊರಿನ ನೆತ್ತಿಯ ಮೇಲೆಯೇ ಇದೆ. ಅದೇ ವರ್ಷ ಅವನ ಕಿರಿಯ ಮಗ ರೆನೆಯೂ ಅಗಲಿದ್ದನು. ಹಿರಿಯ ಮಗ ಶಾರ್ಲ್ ಮುಂದೆ ಪ್ಯಾರಿಸಿನ ಹೋಟೆಲನ್ನು ನೋಡಿಕೊಂಡು 1976ರವರೆಗೆ ಬದುಕಿದನು. ಅ ಯುದ್ಧವು ಮುಗಿದಾಗ ರಿಟ್ಜನ ಅತಿಥಿಗಳಾಗಿದ್ದ ಎಷ್ಟೋ ರಾಜಮನೆತನಗಳು ಸಿಂಹಾಸನವನ್ನು ಕಳೆದುಕೊಂಡಿದ್ದವು. ಅವನು ಮುರಿದುಬಿದ್ದ ಕಾರ್ಲ್‌ಟನ್ ಹೋಟೆಲು ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಜಖಂಗೊಂಡಿತು. ಮುಂದೆ ಅದನ್ನು ಕೆಡವಿದ ನೆಲದ ಮೇಲೆ ನ್ಯೂಜಿಲೆಂಡ್ ಹೌಸ್ ಎಂಬ ಕಟ್ಟಡವೆದ್ದಿತು.

ಪ್ಯಾರಿಸಿನ ಮನೆ ಉಳಿಯಿತು. ಸಾಹಿತ್ಯವನ್ನು ಓದುವವರಿಗೆ ಆ ಮನೆಯೊಡನೆ ಇನ್ನೊಂದು ನಂಟುಂಟು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಅಲ್ಲಿಯ ನಿತ್ಯದ ಗಿರಾಕಿಯಾಗಿದ್ದನು. ಸಿರಿವಂತರ ಸಮಾಜವನ್ನು ಅವನು ಅಲ್ಲಿ ಕುಳಿತು ನೋಡಿದನು. ಅಲ್ಲಿಯ ಮಾಣಿಗಳ ಬಾಯಿಂದ ಕೇಳಿದನು. ಕಾದಂಬರಿಗೆ ಬೇಕಾದ ಎಷ್ಟೋ ಸಂಗತಿಗಳು ಅವನಿಗೆ ದೊರೆತದ್ದು ಹಾಗೆ. 1922ರಲ್ಲಿ ಸಾವಿನ ಹಾಸಿಗೆಯಲ್ಲಿ ಮಲಗಿದ್ದಾಗ ಗಂಟಲಾರಿ ಅವನು ಬಯಸಿದ್ದು ರಿಟ್ಜ್ ಹೋಟೆಲಿನ ತಣ್ಣನೆಯ ಬೀರನ್ನು. ಆಳು ಓಡಿಹೋಗಿ ಅದನ್ನು ತಂದನು. ರಿಟ್ಜ್ ಸತ್ತು ಆಗ ನಾಲ್ಕು ವರ್ಷಗಳಾಗಿದ್ದವು. ಒಬ್ಬ ರೋಗಿಷ್ಠನು ಕೊನೆಯ ದಿನಗಳಲ್ಲಿ ತನ್ನ ಮನೆಯಲ್ಲಿದ್ದುಕೊಂಡೇ ಒಂದು ಹೋಟೆಲನ್ನು ನೆನೆಯುವಂತಾದುದು ಕೇವಲ ಹಣದಿಂದ ಆಗುವ ಕೆಲಸವಲ್ಲ.

ನೀಡರ್‌ವಾಲ್ಡಿನಲ್ಲಿ ಈಗ ರಿಟ್ಜನ ಸಮಾಧಿಯಿದೆ. ಹದಿಮೂರನೆಯ ಮಗುವಿಗೆ ಕೊಡಲು ಹೊಲವಿಲ್ಲದ ಊರು ಕೊನೆಗೆ ಅವನಿಗೆ ಆರಡಿ ನೆಲವನ್ನು ಕೊಟ್ಟಿತು. ಹಣ ಪಡೆದು ಮಾಡಿದ ಸತ್ಕಾರವು ಆತಿಥ್ಯವೇ ಅಲ್ಲವೇ ಎಂದು ಲೇಖನದ ಮೊದಲಿಗೆ ಶಂಕಿಸಿದೆವು. ಲೆಕ್ಕದ ಚೀಟಿಯನ್ನು ತೀರಿಸಿದವರು ಕೋಣೆಯ ಬಾಡಿಗೆಯನ್ನೂ ಊಟದ ಬೆಲೆಯನ್ನೂ ಕೊಟ್ಟಿದ್ದರು, ನಿಜ. ಆದರೆ ನಲವತ್ತು ಜನರ ಪಾದಗಳಿಗೆ ಬಿಸಿ ಇಟ್ಟಿಗೆಯನ್ನು ಇಡಿಸಿದ ಮರುಕಕ್ಕೆ, ಮೇಜಿನ ಎರಡು ಸೆಂಟಿಮೀಟರಿಗಾಗಿ ತಳಮಳಿಸಿದ ಮನಸ್ಸಿಗೆ, ಬಿಗಿ ಬೂಟಿನೊಳಗಿನ ನೋವಿಗೆ ಆ ಚೀಟಿಯಲ್ಲಿ ಸಾಲು ಇರಲಿಲ್ಲ. ಅದನ್ನು ಅವನು ಕೇಳಲಿಲ್ಲ, ಯಾರೂ ಕೊಡಲಿಲ್ಲ. ದೊಡ್ಡ ಹೋಟೆಲಿನ ಹಾಸಿಗೆಯ ಮೇಲೆ ಮೈಚಾಚುವವರು, ಆ ಹಾಸಿಗೆಯನ್ನು ಯಾರು ಹಾಸಿದರು, ಅವರು ಎಲ್ಲಿ ಮಲಗುತ್ತಾರೆ ಎಂದು ಒಮ್ಮೆಯಾದರೂ ಕೇಳಿಕೊಂಡರೆ ಅವನ ಬಾಳಿನಿಂದ ಏನನ್ನೋ ಕಲಿತಂತಾಗುತ್ತದೆ.